ಕುಂಕುಮದ ಬೂದುಬಣ್ಣ

ಬಣ್ಣದ ಫೋಟೊವನ್ನು ಕಪ್ಪು-ಬಿಳುಪಿಗೆ ತಿರುಗಿಸುವಾಗ ಹಣೆಯ ಕುಂಕುಮ ಮಾಯವಾಗಬಹುದು ಎಂದು ನನಗೆ ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲ. ಪಾಠ ಮಾಡಿದವರಿಗೆ ಅಂಥ ಹಣೆಯ ಫೋಟೊ ಪ್ರಿಂಟ್ ಮಾಡುವ ಪ್ರಸಂಗವೇ ಬಂದಿರಲಿಕ್ಕಿಲ್ಲ.

ಸ್ಯಾಂಟ್ರಿಯ ಬಿಸಿನೆಸ್ ಪಾರ್ಕಿನಲ್ಲಿ ಫೋಟೊ ಪ್ರಿಂಟ್ ಮಾಡುವ ಸ್ಟುಡಿಯೊದಲ್ಲಿ ನನಗೆ ಕೆಲಸ. ಅಪ್ಪ ದಿನವಿಡೀ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತು ನನ್ನನ್ನು ಓದಿಸಿದರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಮಾಸ್ಟರ್ಸ್ ಈ ಪರದೇಶಕ್ಕೆ ಬಂದು ಮಾಡಿದೆ. ಪರದೆಯ ಮೇಲೆ ಕಂಡ ಬೂದು ಕಾಗದದ ಮೇಲೂ ಅದೇ ಬೂದಾಗಿ ಇಳಿಯುವಂತೆ ಮಾಡುವುದು ನನ್ನ ವಿದ್ಯೆ. ಅದು ನನಗೆ ಚೆನ್ನಾಗಿ ಬರುತ್ತದೆ, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಕಳೆದ ಚಳಿಗಾಲದಲ್ಲಿ ಮೈಸೂರಿನ ಕಡೆಯ ಐಟಿಯವರೊಬ್ಬರು ಬಂದರು, ಜತೆಗೆ ಸ್ಕೂಲ್ ಯೂನಿಫಾರ್ಮಿನಲ್ಲಿದ್ದ ಮಗಳು. ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಕಾರ್ಯಕ್ಕೆ ಊರಿಗೆ ಒಯ್ಯಲು ಅವರ ಫೋಟೊ ಬೇಕಿತ್ತು. ಇದ್ದದ್ದರಲ್ಲಿ ಒಳ್ಳೆಯದು, ಸಮುದ್ರದೊಳಕ್ಕೆ ಚಾಚಿದ ಡನ್ ಲಿಯರಿಯ ಪಿಯರ್ ಮೇಲೆ ಮಗಳೇ ಫೋನಿನಲ್ಲಿ ತೆಗೆದದ್ದು. ಸಂಜೆಯ ದೀಪಕ್ಕೆ ಅರ್ಧ ಮುಖ ಕಿತ್ತಳೆ, ಉಳಿದರ್ಧ ನೀಲಿ.

"ಕಪ್ಪು-ಬಿಳುಪು ಮಾಡ್ಬಿಡಿ. ನಮ್ಮ ಮನೇಲಿ ಹಿರಿಯರ ಫೋಟೊ ಎಲ್ಲಾ ಹಂಗೇ ಇರೋದು. ಆಮೇಲೆ... ಮುಖ ಸ್ವಲ್ಪ ಬೆಳ್ಳಗೆ ಬರ್ಲಿ."

ಕಪ್ಪು-ಬಿಳುಪು ಮಾಡುವಾಗ ಕೆಂಪು, ಹಸಿರು, ನೀಲಿಯಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ನಾವೇ ನಿರ್ಧರಿಸಬೇಕು. ಕೆಂಪಿಗೆ ಹೆಚ್ಚು ಕೊಟ್ಟರೆ ಕಂದು ಚರ್ಮ ಬೆಳ್ಳಗಾಗುತ್ತದೆ. ಕೊಟ್ಟೆ. ಮುಖ ಬೆಳಗಿತು, ಹಣೆ ಬೋಳಾಯಿತು. ಕುಂಕುಮವೂ ಕೆಂಪೇ ತಾನೆ, ಚರ್ಮದ ಜತೆ ಅದೂ ಬೆಳ್ಳಗಾಗಿ ಕರಗಿಹೋಗಿತ್ತು. ಮುತ್ತೈದೆಯಾಗಿಯೇ ಹೋದ ಹೆಂಗಸು ಅವರು.

ಹಸಿರಿಗೆ ಪಾಲು ಕೊಟ್ಟೆ. ಕುಂಕುಮ ಮರಳಿತು, ಮುಖ ಕಪ್ಪಾಯಿತು. ಬೆಳ್ಳನೆಯ ಮುಖದಲ್ಲಿ ಬೊಟ್ಟನ್ನಷ್ಟೇ ಆರಿಸಿ ಕಪ್ಪು ಮಾಡಿದರೆ ಹಣೆಯ ಮೇಲೆ ನೊಣ ಕೂತಂತೆ ಕಂಡಿತು. ಹೊಳಪಿಲ್ಲದ ಕಾಗದದ ಕಾಟ ಬೇರೆ: ಗಾಢ ಛಾಯೆಗಳನ್ನೆಲ್ಲ ಅದು ಒಂದೇ ಮಸಿಯಾಗಿ ನುಂಗುತ್ತದೆ. ಉಳಿದದ್ದನ್ನು ಮುಟ್ಟದೆ ನೆರಳಿನ ಭಾಗವನ್ನಷ್ಟೇ ಕೂದಲೆಳೆಯಷ್ಟು ತಿಳಿಗೊಳಿಸುತ್ತ, ಪಟ್ಟಿ ಪಟ್ಟಿಯಾಗಿ ಪ್ರಿಂಟ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತ ಹೋದೆ. ಕೊನೆಗೂ ಚರ್ಮ ಚರ್ಮವಾಗಿ, ಕುಂಕುಮ ಕುಂಕುಮವಾಗಿ ಬೇರೆ ನಿಂತವು.

ಅವರು ಮತ್ತೆ ಬಂದಾಗ ಅವರು ಕೇಳಿದ್ದ ಬೆಳ್ಳನೆಯದನ್ನೂ ಇದನ್ನೂ, ಎರಡೂ ಪ್ರಿಂಟ್ ಮೇಜಿನ ಮೇಲಿಟ್ಟೆ. ಬೆಳ್ಳನೆಯದನ್ನು ನೋಡಿದ ಮಗಳು, "ಅಪ್ಪಾ, ದಟ್ಸ್ ನಾಟ್ ಅಮ್ಮ," ಎಂದಳು. ಅವಳ ಅಪ್ಪ ಊರಿನಲ್ಲಿರುವ ತಮ್ಮ ಅಕ್ಕನಿಗೆ ವಿಡಿಯೊ ಕಾಲ್ ಮಾಡಿ ಎರಡನ್ನೂ ತೋರಿಸಿದರು.

"ಅಯ್ಯೋ, ಇದೇನೋ ಇದು, ಇಷ್ಟು ಕಪ್ಪಾ?" ಅಕ್ಕನ ದನಿ ಸ್ಟುಡಿಯೊ ತುಂಬಿತು. "ಆ ಚಳಿ ದೇಶದಲ್ಲಿದ್ದೂ ಬೆಳ್ಳಗಾಗ್ಲಿಲ್ವಾ ಅಂತಾರೆ ಜನ! ಇನ್ನೊಂದೇ ತಗೊಂಬಾರೋ."

"ಅದ್ರಲ್ಲಿ ಕುಂಕುಮ ಕಾಣಲ್ಲ ಅಕ್ಕಾ."

"ಅದಕ್ಕೇನಂತೆ? ಗಾಜಿನ ಮೇಲೆ ನಾವೇ ಇಡ್ತೀವಲ್ಲ. ಮುಖಕ್ಕೆ ಏನಿಡಕಾಗುತ್ತೆ?"

ಮಗಳು ಕಾರಿನ ಕೀಲಿ ಎತ್ತಿಕೊಂಡು ಹೊರಗೆ ಹೋದಳು. ನಾನು ಸುಮ್ಮನಿರಬೇಕಿತ್ತು, ಆಗಲಿಲ್ಲ.

"ಸಾರ್, ಇದೇ ಅವರ ಮುಖ."

"ನಂಗೇ ಹೇಳ್ತೀಯೇನಪ್ಪಾ? ನೀನು ಅವಳನ್ನ ನೋಡೇ ಇಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಮದ್ವೆ ಮನೇಲೇ ಶುರುವಾಯ್ತು, ಕಪ್ಪು, ಕಪ್ಪು ಅಂತ. ಇರೋವರೆಗೂ ಕೇಳಿಸ್ಕೊಂಡ್ಳು. ಇನ್ನು ಗೋಡೆ ಮೇಲೆ ಕೂತೂ ಕೇಳ್ಬೇಕಾ?"

ನಾನು ಗೌನು ಹಾಕಿ ತೆಗೆಸಿಕೊಂಡ ಪದವಿಯ ಫೋಟೊ ನಮ್ಮ ಮನೆಯಲ್ಲಿದೆ. ಊರಿನ ಸ್ಟುಡಿಯೊದವನು ನನ್ನ ಮೈಬಣ್ಣವನ್ನು ಒರೆಸಿಯೇ ಹಾಕಿದ್ದಾನೆ. ಅಮ್ಮ ಅದನ್ನೇ ಬಂದವರಿಗೆಲ್ಲ ತೋರಿಸುತ್ತಾಳೆ. ತೆಗೆದಿಡು ಎಂದು ನಾನೂ ಹೇಳಿದವನಲ್ಲ.

ಬೆಳ್ಳನೆಯದನ್ನು ಸುತ್ತಿ ಕೊಟ್ಟೆ. ಇನ್ನೊಂದನ್ನೂ ಒಯ್ಯಿರಿ, ಸುಮ್ಮನೆ ಇರಲಿ ಎಂದೆ. "ಬೇಡ. ಎರಡು ಮುಖ ಇಟ್ಕೊಂಡು ಏನ್ ಮಾಡ್ಲಿ," ಎಂದು ಹೊರಟರು.

ಯಾರದೋ ಹೆಂಡತಿ, ಯಾರದೋ ತಾಯಿ. ಇಟ್ಟುಕೊಳ್ಳಲು ನಾನು ಯಾರು, ಹರಿಯಲು ಕೈ ಬರುತ್ತದೆಯೇ? ಹಾಗೆ ನಿಂತಿರುವಾಗಲೇ ಬಾಗಿಲು ತೆರೆಯಿತು. ಹುಡುಗಿ ಒಬ್ಬಳೇ ಬಂದಿದ್ದಳು.

"ಕ್ಯಾನ್ ಐ ಹ್ಯಾವ್ ದಿ ಅದರ್ ಒನ್?"

"ಅಪ್ಪಂಗೆ ಗೊತ್ತಾ?"

"ನೋ. ಗ್ಲವ್ಸ್ ಮರೆತೆ ಅಂತ ಹೇಳಿದೀನಿ." ಸುಳ್ಳನ್ನಷ್ಟೇ ಕನ್ನಡದಲ್ಲಿ ಹೇಳಿದಳು.

"ಎಲ್ಲಿಡ್ತೀಯ?"

"ಅಂಡರ್ ದ ಮ್ಯಾಟ್ರೆಸ್, ಐ ಸಪೋಸ್."

ಹಾಸಿಗೆಯ ಕೆಳಗೆ ತಿಕ್ಕಿಕೊಂಡರೆ ಈ ಕಾಗದದ ಮಸಿ ಎದ್ದುಬರುತ್ತದೆ, ಅತಿ ಗಾಢವಾದದ್ದೇ ಮೊದಲು ಹೋಗುವುದು ಎಂದೆ. ಅದು ಯಾವುದೆಂದು ಅವಳು ಕೇಳಲಿಲ್ಲ, ಫೋಟೊದ ಹಣೆಯ ಬೊಟ್ಟನ್ನೇ ನೋಡುತ್ತಿದ್ದಳು. ಮುಖದ ಮೇಲೆ ತೆಳುಕಾಗದ ಹರಡಿ, ಎರಡೂ ಬದಿಗೆ ರಟ್ಟು ಕೊಟ್ಟು ಟೇಪ್ ಹಾಕಿದೆ. "ಗ್ರ್ಯಾಂಡ್," ಎಂದು ಇಲ್ಲಿಯವರ ಹಾಗೆಯೇ ಒಪ್ಪಿ, ಅದನ್ನು ಕೋಟಿನೊಳಗೆ ತೂರಿಸಿ ಗುಂಡಿ ಹಾಕಿಕೊಂಡಳು.

ಅಪ್ಪ ಒಳಗಿನಿಂದಲೇ ಕಾರಿನ ಬಾಗಿಲು ತೆರೆದರು. ಎದೆಗೆ ರಟ್ಟು ಕೊಟ್ಟುಕೊಂಡ ಹುಡುಗಿ ಬೆನ್ನು ಬಗ್ಗಿಸಲಾಗದೆ, ಸೀಟಿನಲ್ಲಿ ಕೂರಲು ಒದ್ದಾಡುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು.