ಬೆಳಗಿನ ಆರು ಗಂಟೆಯ ಹೂವು

ಚೀಲದ ಅಂಚಿಗೆ ‘ಎಂ’ ಎಂಬ ಸೈಜಿನ ಲೇಬಲ್ ಹೊಲಿದಿತ್ತು. ಅಂಗೈಯೊಳಗೆ ಅಡಗುವಷ್ಟು ಚೀಲ, ಅಂಗಿಯ ಕಾಲರಿಗೆ ಕತ್ತರಿಸಿ ಉಳಿದ ನೀಲಿ ಪಟ್ಟೆಯ ಬಟ್ಟೆಯದು. ಒಳಗೆ ಹನ್ನೊಂದು ಕುಂಬಳದ ಬೀಜ. ಬಾಯಿ ಬಿಚ್ಚಿದಾಗ ಒಲೆಯ ಬೂದಿಯ ವಾಸನೆ ಬಂತು... ಹುಳು ಹತ್ತದಿರಲಿ ಎಂದು ಬೀಜಕ್ಕೆ ಬೂದಿ ಸವರಿಟ್ಟಿದ್ದರು.

ಯುಗಾದಿಗೆಂದು ಅಟ್ಟ ಖಾಲಿ ಮಾಡುವಾಗ ಹಳೆಯ ಕುಕ್ಕರಿನೊಳಗೆ ಸಿಕ್ಕಿತು ಎಂದು ಅಮ್ಮನಿಗೆ ಹೇಳಿದೆ. ಅದು ಪೂರ್ತಿ ನಿಜವಲ್ಲ. ನಾಲ್ಕು ವರ್ಷದ ಹಿಂದೆ ಅದನ್ನು ಅಲ್ಲಿ ಇಟ್ಟವಳು ನಾನೇ.

ರಾಜಗೋಪಾಲನಗರದ ಈ ಕಟ್ಟಡದಲ್ಲಿ ಎರಡನೇ ಮಹಡಿಯಲ್ಲಿ ಬಾಡಿಗೆಗಿರುವವರು ಅಮ್ಮ ಮತ್ತು ನಾನು. ನೆಲಮಹಡಿಯಲ್ಲಿ ಓನರ್ ಆಂಟಿ. ನಮ್ಮ ತಲೆಯ ಮೇಲೆ ಟೆರೇಸು, ಅದರ ಮೂಲೆಯಲ್ಲಿ ಶೀಟು ಹೊದಿಸಿದ ಒಂದೇ ಕೋಣೆ. ಆ ಚೀಲ ಕೊಟ್ಟವರು ಆ ಕೋಣೆಗೆ ವಿಜಯಪುರದ ಕಡೆಯಿಂದ ಗಂಡನ ಜೊತೆ ಬಂದಿದ್ದರು. ಗಂಡನಿಗೆ ಪೀಣ್ಯದ ಒಂದು ಫೌಂಡ್ರಿಯಲ್ಲಿ ಕೆಲಸ, ಅವರಿಗೆ ಗಾರ್ಮೆಂಟ್ಸಿನಲ್ಲಿ, ಕಾಲರ್ ಹೊಲಿಯುವ ಸಾಲಿನಲ್ಲಿ. ನಾನು ಮೇಲಿನಕ್ಕ ಎನ್ನುತ್ತಿದ್ದೆ, ಕರೆಯಲೇಬೇಕಾಗಿ ಬಂದರೆ ಮಾತ್ರ.

ಅವರು ಬರುವ ಮೊದಲು ಟೆರೇಸಿನ ತೋಟ ನನ್ನದೊಂದೇ ಆಗಿತ್ತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನೀರಿನ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದ ನನಗೆ ಅಳತೆಯಿಲ್ಲದೆ ಏನನ್ನೂ ಮಾಡಿ ಅಭ್ಯಾಸವಿರಲಿಲ್ಲ. ಹನ್ನೆರಡು ಕುಂಡ, ತೂಗಿ ಬೆರೆಸಿದ ಕೋಕೋಪೀಟು ಮತ್ತು ಎರೆಗೊಬ್ಬರ, ಬಿತ್ತಿದ ದಿನ ಮೊಳೆತ ದಿನ ಬರೆದಿಡಲು ಒಂದು ನೋಟ್‌ಬುಕ್ಕು. ಅವರು ಬಂದ ತಿಂಗಳೊಳಗೆ ಎದುರು ಗೋಡೆಯುದ್ದಕ್ಕೂ ಬಣ್ಣದ ಬಕೆಟ್ಟುಗಳು, ಸಿಮೆಂಟ್ ಚೀಲಗಳು, ಎರಡು ನೀಲಿ ಡ್ರಮ್ಮು, ಒಂದು ಒಡೆದ ವಾಶ್‌ಬೇಸಿನ್ನು ಬಂದು ಕೂತವು. ಪಕ್ಕದ ಸೈಟಿನಲ್ಲಿ ಪಾಯಕ್ಕೆ ತೆಗೆದ ಮಣ್ಣನ್ನು ಪುಟ್ಟಿಯಲ್ಲಿ ಹೊತ್ತು ತಂದು ತುಂಬಿದರು. ಮೂರು ಬೆರಳಿನಲ್ಲಿ ಬೀಜ ಉದುರಿಸಿ ಮೇಲೆ ಮಣ್ಣು ಎಳೆದರು, ಅಷ್ಟೇ.

ಎಲ್ಲವೂ ಬಂತು. ಮಳೆಗಾಲದಲ್ಲಿ ಹೀರೆ, ಬೆಂಡೆ. ಚಳಿಗೆ ಮೆಂತ್ಯ, ಮೂಲಂಗಿ, ಹೊಳೆಯುವ ಮುಳ್ಳುಬದನೆ. ಬೇಸಿಗೆಯಲ್ಲಿ ನನ್ನ ಪಾಲಕ್ ಬಿಸಿಲಿಗೆ ಸುರುಟಿಕೊಂಡಾಗ ಅವರ ಪುಂಡಿಸೊಪ್ಪು ಕೆಂಪು ದಂಟಿನ ಮೇಲೆ ಸೊಂಟದೆತ್ತರ ನಿಂತಿತ್ತು. ಬಟ್ಟೆ ಒಣಹಾಕಲು ಬಂದ ಓನರ್ ಆಂಟಿ ನನ್ನ ಕುಂಡಗಳನ್ನು ದಾಟಿಕೊಂಡು ಅಲ್ಲಿಗೇ ಹೋಗಿ ನಿಂತರು.

“ಏನ್ ಕೈಗುಣ ಕಣವ್ವ ಇವಳ್ದು. ಒಲ ಗೇದೋರು ನಾವು, ನಮ್ಗೇ ಇಂಗೆ ಬರ್ಲಿಲ್ಲ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀನೇನವ್ವಾ, ಮಣ್ಣನ್ನೂ ತೂಕ ಹಾಕ್ತೀಯಂತೆ, ಔಷ್ದಿ ಅಂಗ್ಡಿ ತರ?”

ಅದನ್ನು ಸಹಿಸಿಕೊಳ್ಳಬಹುದಿತ್ತು. ಅಮ್ಮನ ವಿಷಯ ಸಹಿಸಲಾಗಲಿಲ್ಲ. ಮೊಣಕಾಲು ನೋವೆಂದು ನನ್ನ ಕುಂಡ ನೋಡಲು ಒಮ್ಮೆಯೂ ಹತ್ತದಿದ್ದ ಅಮ್ಮ, ಅವರು ಕೆಲಸದಿಂದ ಬಂದ ಸದ್ದು ಕೇಳಿದ ಕೂಡಲೇ ಮೆಟ್ಟಿಲು ಹತ್ತತೊಡಗಿದಳು. ರಜೆಯ ದಿನ ಬೆಳಗಿನ ಕಾಫಿಯೂ ಅಲ್ಲೇ. ನಾನು ಲ್ಯಾಬಿನಿಂದ ಬಂದು ಬೀಗ ತೆಗೆಯುವಾಗ ಮೇಲಿನಿಂದ ಅಮ್ಮನ ನಗು ಕೇಳಿಸುತ್ತಿತ್ತು... ಅಷ್ಟು ಜೋರಾಗಿ ಅಮ್ಮ ನಗಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಕೆಳಗೆ ಇಳಿದು ಬಂದರೆ ಊಟ ಬಡಿಸುವಷ್ಟೇ ಮಾತು.

ಒಂದರಲ್ಲಿ ಮಾತ್ರ ನಾನು ಅವರಿಗೆ ಸಮನಾಗಿದ್ದೆ, ಸಿಹಿಗುಂಬಳದಲ್ಲಿ. ಕಾಲೇಜಿನಲ್ಲಿ ಕುಂಬಳದ ಕಾಂಡವನ್ನು ಎಷ್ಟು ಸಲ ಅಡ್ಡ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದೆನೋ ಲೆಕ್ಕವಿಲ್ಲ. ಮುಂದಿನ ಮಳೆಗಾಲದಲ್ಲಿ ನನ್ನ ಬಳ್ಳಿ ಮೂರು ಕಾಯಿ ಬಿಟ್ಟಿತು. ಟೆರೇಸ್ ತೋಟದವರ ವಾಟ್ಸ್ಆ್ಯಪ್ ಗುಂಪಿಗೆ ಫೋಟೋ ಹಾಕಿದೆ. ಅಮ್ಮ ಹುಳಿ ಮಾಡಿ, “ನಿನ್ ಕಾಯಿ ಅವಳ್ದಕ್ಕಿಂತ ಸಿಹಿ ಕಣೆ,” ಎಂದಳು. ಆ ಒಂದು ಮಾತನ್ನು ಎಷ್ಟೋ ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದೆ. ದೀಪಾವಳಿಗೆ ಮುಂಚೆಯೇ ಎರಡನೇ ಬಳ್ಳಿ ಹಾಕಿದೆ.

ಅದು ಮೊದಲ ಕಾಯಿ ಕಚ್ಚಿದ ಹೊತ್ತಿಗೆ ಎಳ್ಳಮಾವಾಸ್ಯೆ ಬಂತು. ಅವರ ಕಡೆ ಅವತ್ತು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಪೈರಿಗೆ ಚೆಲ್ಲುತ್ತಾರೆ. ಚರಗ ಚೆಲ್ಲುವುದು ಎನ್ನುತ್ತಾರೆ. ಹೊಲವಿಲ್ಲದ ಮೇಲಿನಕ್ಕ ಟೆರೇಸಿನ ತುಂಬ ಚರಗ ಚೆಲ್ಲಿದರು. ನಾನು ಹತ್ತಿ ಬಂದಾಗ ಕಂಡದ್ದು ಇದು: ಬುಟ್ಟಿ ಹಿಡಿದು ಅವರು ಮುಂದೆ, ಚೊಂಬಿನಿಂದ ನೀರು ಚಿಮುಕಿಸುತ್ತ ಅಮ್ಮ ಹಿಂದೆ. ಒಂದು ದಿನವೂ ನನ್ನ ಗಿಡಕ್ಕೆ ಒಂದು ಚೊಂಬು ನೀರು ಹಾಕದಿದ್ದ ಅಮ್ಮ. ನನ್ನ ಹನ್ನೆರಡು ಕುಂಡಗಳಲ್ಲೂ ಸಜ್ಜೆ ಕಡುಬಿನ ಚೂರು, ಪಲ್ಯ, ಶೇಂಗಾ ಹೋಳಿಗೆಯ ಪುಡಿ ಬಿದ್ದಿತ್ತು.

ನಾನು ಬಗ್ಗಿ ಒಂದೊಂದೇ ಕುಂಡದಿಂದ ಅದನ್ನು ಎತ್ತಿ ಪ್ಲಾಸ್ಟಿಕ್ ಕವರಿಗೆ ಹಾಕತೊಡಗಿದೆ. ಇರುವೆ ಬರುತ್ತದೆ ಎಂದೆ. ಆಮೇಲೆ, “ನನ್ನ ಕುಂಡಗಳನ್ನ ಇನ್ಮೇಲೆ ಮುಟ್ಬೇಡಿ,” ಎಂದೆ.

ಅವರು ಬುಟ್ಟಿ ಕೆಳಗಿಟ್ಟರು. “ಭೂಮಿತಾಯಿಗೆ ಉಣಸೋ ದಿನಾ ತಂಗಿ, ಅದಕ್ಕ ಹಾಕಿದೆ. ತಪ್ಪ ತಿಳಕೋಬ್ಯಾಡ.” ಸ್ವಲ್ಪ ತಡೆದು ಕೇಳಿದರು, “ಬಳ್ಳಿನೂ ಮುಟ್ಟಬಾರದೇನ?”

“ಬಳ್ಳೀನೂ.”

“ಆತು, ಮುಟ್ಟಂಗಿಲ್ಲ.”

ಮುಟ್ಟಲಿಲ್ಲ. ಆಮೇಲೆ ನನ್ನ ಬಳ್ಳಿಯಲ್ಲಿ ಹೊಸದಾಗಿ ಒಂದು ಕಾಯಿಯೂ ನಿಲ್ಲಲಿಲ್ಲ. ಹೆಣ್ಣುಹೂವಿನ ಬುಡದ ಪುಟ್ಟ ಕಾಯಿ ನೆಲ್ಲಿಕಾಯಿಯಷ್ಟಾಗಿ, ಹಳದಿ ತಿರುಗಿ, ಮೂರನೆಯ ದಿನ ಉದುರುತ್ತಿತ್ತು. ನೋಟ್‌ಬುಕ್ಕಿನಲ್ಲಿ ಒಂಬತ್ತು ಸಲ ಬರೆದೆ. ಮಣ್ಣನ್ನು ಲ್ಯಾಬಿಗೆ ಒಯ್ದು ನೋಡಿದೆ, ಕೊರತೆಯೇನೂ ಕಾಣಲಿಲ್ಲ. ಪರಾಗ ಮುಟ್ಟುತ್ತಿಲ್ಲವೇ ಎಂದೂ ಯೋಚಿಸಿದೆ. ಆದರೆ ಮಳೆಗಾಲದ ಬಳ್ಳಿ ಇದೇ ಜಾಗದಲ್ಲಿ ತಾನಾಗಿಯೇ ಕಾಯಿ ಕಚ್ಚಿತ್ತಲ್ಲ. ಹಾಗಾಗಿ ಆ ಕಾರಣವನ್ನು ಹೊಡೆದುಹಾಕಿದೆ. ಹತ್ತೇ ಹೆಜ್ಜೆ ದೂರದಲ್ಲಿ ಅವರ ಡ್ರಮ್ಮಿನ ಬಳ್ಳಿಯಲ್ಲಿ ಐದು ಕಾಯಿ ದಪ್ಪವಾಗುತ್ತಿದ್ದವು. ದಿನಾ ಎಣಿಸುತ್ತಿದ್ದೆ. ಅವರು ಏನೋ ಮಾಡುತ್ತಿದ್ದಾರೆ ಎಂಬ ಅನುಮಾನಕ್ಕೆ, ಕುಂಡಗಳನ್ನು ಯಾರಾದರೂ ಜರುಗಿಸಿದರೆ ತಿಳಿಯಲೆಂದು ಸುತ್ತ ಸೀಮೆಸುಣ್ಣದ ಗೆರೆ ಕೂಡ ಎಳೆದಿದ್ದೆ.

ಆಗಲೇ ನಮ್ಮ ಅಡುಗೆಮನೆಯ ಸೂರಿನಲ್ಲಿ ತೇವ ಕಾಣಿಸಿತು. ಟೇಪು ಹಿಡಿದು ಗೋಡೆಯಿಂದ ಅಳೆದೆ, ಮೇಲೆ ಹೋಗಿ ಮತ್ತೆ ಅಳೆದೆ. ತೇವ ನನ್ನ ಕುಂಡಗಳ ಕೆಳಗಿತ್ತು. ಡ್ರಮ್ಮುಗಳು ಇದ್ದ ಕಡೆ ಸೂರು ಒಣಗಿತ್ತು. ಕೆಳಗೆ ಹೋಗಿ ಓನರ್ ಆಂಟಿಗೆ, ಟೆರೇಸಿನ ನೀರು ಇಳಿಯುತ್ತಿದೆ, ಅಷ್ಟೊಂದು ಡ್ರಮ್ಮು ಬಕೆಟ್ಟು ಇವೆಯಲ್ಲ, ಎಂದೆ. ಅಷ್ಟೇ ಹೇಳಿದ್ದು. ಯಾವುದರ ಕೆಳಗೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆಂಟಿ ತೋಟ ತೆಗೆಯಲು ಹೇಳಿದರು, ಮೇಲಿನಕ್ಕ ಒಂದೇ ಭಾನುವಾರದಲ್ಲಿ ಎಲ್ಲ ಖಾಲಿ ಮಾಡಿದರು. ಮಣ್ಣನ್ನು ಅದೇ ಪುಟ್ಟಿಯಲ್ಲಿ ಇಳಿಸಿದರು. ಕಾಯಿ ತುಂಬಿದ ಬದನೆ ಗಿಡ ಕೀಳುವಾಗ ಅಮ್ಮ ಪಕ್ಕದಲ್ಲಿ ನಿಂತಿದ್ದಳು. ನನ್ನ ಕುಂಡಗಳನ್ನು ಯಾರೂ ತೆಗೆಯಿರಿ ಎನ್ನಲಿಲ್ಲ. ಓದಿದ ಹುಡುಗಿಯ ಕುಂಡ ಸೋರುವುದಿಲ್ಲ ಎಂದುಕೊಂಡರೇನೋ. ಮಾರನೆಯ ವಾರ ಯಾರಿಗೂ ಹೇಳದೆ ಕುಂಡಗಳ ಅಡಿಗೆ ತಟ್ಟೆ ಇಟ್ಟೆ. ತೇವ ನಿಂತಿತು.

ಎರಡು ತಿಂಗಳಿಗೆ ಅವರು ಕೋಣೆ ಬಿಟ್ಟರು. ಗಂಡನಿಗೆ ಎಲೆಕ್ಟ್ರಾನಿಕ್ ಸಿಟಿಯ ಕಡೆ ಕೆಲಸ ಎಂದರು... ತೋಟ ಇದ್ದಿದ್ದರೆ ಉಳಿಯುತ್ತಿದ್ದರೋ ಏನೋ. ಹೊರಡುವಾಗ ಆ ಚೀಲವನ್ನು ಅಮ್ಮನ ಕೈಗೆ ಕೊಡದೆ ನನ್ನ ಕೈಗೇ ಕೊಟ್ಟರು. “ಜವಾರಿ ಬೀಜ ತಂಗಿ. ನಮ್ಮವ್ವ ಕೊಟ್ಟಿದ್ದು. ನಿನ್ನ ಕಡೆ ಇರಲಿ.” ನಾನು ಹೋಗಿ ಬನ್ನಿ ಎಂದೂ ಅನ್ನಲಿಲ್ಲ. ಅಮ್ಮ ಕೆಲವು ತಿಂಗಳು ಫೋನ್ ಮಾಡುತ್ತಿದ್ದಳು. ಆಮೇಲೆ ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಬರತೊಡಗಿತು. ನಾನು ಮತ್ತೆ ಕುಂಬಳ ಹಾಕಲಿಲ್ಲ.

ಈ ಯುಗಾದಿಯ ನಂತರ ಹನ್ನೊಂದನ್ನೂ ಬಿತ್ತಿದೆ. ನಾಲ್ಕು ಮೊಳೆತವು, ಒಂದು ಬಳ್ಳಿಯಾಯಿತು. ಮೊನ್ನೆ ಸಂಜೆ ಅದರಲ್ಲಿ ಮೊದಲ ಹೆಣ್ಣು ಮೊಗ್ಗು ಅರಳಲು ತಯಾರಾಗಿತ್ತು. ಅಮ್ಮ ಈಗ ನಿಜಕ್ಕೂ ಮೆಟ್ಟಿಲು ಹತ್ತಲಾರಳು. ಫೋನಿನಲ್ಲಿ ಚಿತ್ರ ತೋರಿಸಿ, ಇದೂ ಉದುರುತ್ತದೆ ಬಿಡು ಎಂದೆ.

“ಬೆಳಿಗ್ಗೆ ಆರಕ್ಕೇ ಎದ್ದು ಗಂಡುಹೂ ಮುಟ್ಟಿಸ್ಬೇಕು ಕಣೆ,” ಎಂದಳು ಅಮ್ಮ. “ಬಿಸಿಲೇರಿದ್ರೆ ಹೂ ಮುಚ್ಕೊಳ್ಳತ್ತೆ. ಇಲ್ಲೆಲ್ಲಿ ಜೇನು ಬರತ್ತೆ? ಅವಳು ದಿನಾ ನಿನ್ನ ಬಳ್ಳೀಗೂ ಮಾಡ್ತಿದ್ಲಲ್ಲ, ನೀರು ಹಿಡಿಯೋಕೆ ಎದ್ದಾಗ.”

ನಾನು ಫೋನಿನ ಚಿತ್ರವನ್ನೇ ನೋಡುತ್ತಿದ್ದೆ. ಆ ವರ್ಷಗಳಲ್ಲಿ ನಾನು ಏಳುತ್ತಿದ್ದುದು ಎಂಟಕ್ಕೆ.

“ನನಗೆ ಯಾಕೆ ಹೇಳ್ಲಿಲ್ಲ?”

“ನಿಂಗೆ ಗೊತ್ತಿರತ್ತೆ ಅಂತಿದ್ಲು, ಎಂ.ಎಸ್ಸಿ. ಓದಿರೋ ಹುಡುಗಿ ಅಂತ. ಆಮೇಲೆ ನೀನು ಮುಟ್ಬೇಡಿ ಅಂದೆ. ಇನ್ನು ಇವಳೇ ಮಾಡ್ಕೊತಾಳೆ ಅಂದ್ಕೊಂಡ್ವಿ ನಾವು.”

ನಾವು... ಮಳೆಗಾಲದ ಆ ಮೂರು ಕಾಯಿಯೂ ಅವರವೇ ಎಂಬುದು ಆಗ ತಿಳಿಯಿತು. ನನಗೆ ಮೊದಲು ಚುಚ್ಚಿದ್ದು ಅದಲ್ಲ. ಅವರು ಹೋಗಿ ನಾಲ್ಕು ವರ್ಷವಾದರೂ ಅಮ್ಮನ ಆ ‘ನಾವು’ ಎಂಬ ಮಾತಿನೊಳಗೆ ನಾನಿರಲಿಲ್ಲ. ನಾಚಿಕೆಯಾಗಬೇಕಾದ ಜಾಗದಲ್ಲಿ ಇನ್ನೂ ಹೊಟ್ಟೆಕಿಚ್ಚೇ ಇತ್ತು. ನಾಚಿಕೆ ಬಂದದ್ದು ಅಡುಗೆಮನೆಯಲ್ಲಿ ಊಟಕ್ಕೆ ಕೂತು ತಲೆಯೆತ್ತಿ ಸೂರು ನೋಡಿದಾಗ. ಬಣ್ಣ ಹೊಡೆಸಿದರೂ ಆ ಕಲೆಯ ಅಂಚು ಇನ್ನೂ ಕಾಣುತ್ತದೆ. ಅವರು ಎಲ್ಲಿದ್ದಾರೆಂದು ಹುಡುಕಲು ನನಗೆ ದಾರಿಯಿಲ್ಲ.

ಮರುದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು ಟೆರೇಸು ಹತ್ತಿದೆ. ಮೂಲೆಯ ಕೋಣೆಗೆ ಬೀಗವಿತ್ತು. ಹೆಣ್ಣುಹೂವು ಅರಳಿತ್ತು. ಗಂಡುಹೂವೊಂದನ್ನು ಕಿತ್ತು, ಎಸಳು ಸುಲಿದು, ಒಳಗಿನ ಹಳದಿ ಕಡ್ಡಿಯನ್ನು ಹೆಣ್ಣುಹೂವಿನ ನಡುವಿಗೆ ನಿಧಾನವಾಗಿ ಒತ್ತಿದೆ. ಕೆಳಗಿಳಿದು, ಬೆರಳಿಗಂಟಿದ ಪರಾಗವನ್ನು ತೊಳೆಯುವ ಮೊದಲು ಅಮ್ಮನನ್ನು ಅಡುಗೆಮನೆಗೆ ಕರೆದೆ. ಸೂರಿನ ಕಲೆಯ ಕೆಳಗೆ ನಿಲ್ಲಿಸಿ, ಅದರ ಮೇಲೆ ಯಾರ ಕುಂಡಗಳಿದ್ದವೆಂದು ಹೇಳಿದೆ.