ಅರದಕ್ಕನ ವೈಸ್ ಮತ್ತೆ ಕಚ್ಚಿತು

ಬೀದಿದೀಪಗಳು ಇನ್ನೂ ಆರಿಲ್ಲ. ಅರ್ಧ ಎತ್ತಿದ ಷಟರಿನ ಕೆಳಗೆ ನಾನು ಬಗ್ಗಿ ಒಳಗೆ ಹೋದರೆ, ಸ್ಟೂಲಿನ ಮೇಲೆ ತರಕಾರಿ ಗಾಡಿಯವನು ಕೂತಿದ್ದಾನೆ. ಅವನ ಕೃತಕ ಕಾಲು ಕೆಲಸದ ಮೇಜಿನ ಮೇಲೆ ಮಲಗಿದೆ. ಸಗಟು ಮಾರುಕಟ್ಟೆಯಿಂದ ಬರುವಾಗ ಮಂಡಿಯ ಕೀಲಿನ ಪಿನ್ನು ತುಂಡಾಗಿ, ಗಾಡಿಯನ್ನೇ ಊರುಗೋಲು ಮಾಡಿಕೊಂಡು ಕುಪ್ಪಳಿಸುತ್ತ ಬಂದಿದ್ದಾನೆ. ಹೊರಗೆ ಗಾಡಿ ತುಂಬ ಸೊಪ್ಪು. ಬಿಸಿಲೇರಿದರೆ ಬಾಡುತ್ತದೆ.

ಬೀದಿಯವರೆಲ್ಲ ಅರದಕ್ಕ ಎಂದು ಕರೆಯುವ ಈ ರಿಪೇರಿ ಅಂಗಡಿಯ ಒಡತಿಗೆ ಐವತ್ತು ದಾಟಿದೆ. ಹೊಸ ಪಿನ್ನಿಗೆಂದು ಉಕ್ಕಿನ ಸರಳೊಂದನ್ನು, ಮೇಜಿಗೆ ಬಿಗಿದ ಕಬ್ಬಿಣದ ಹಿಡಿಕವಾದ ವೈಸಿನ ದವಡೆಗಳ ನಡುವೆ ಇಟ್ಟು ಹಿಡಿ ತಿರುಗಿಸುತ್ತಾರೆ. ಕೊನೆಯ ಬಿಗಿತಕ್ಕೆ ಒಳಗಿನಿಂದ ಟಕ್ ಎನ್ನುತ್ತದೆ. ಆಮೇಲೆ ಹಿಡಿ ಸುಮ್ಮನೆ ಸುತ್ತುತ್ತದೆ, ದವಡೆ ಅಲ್ಲಾಡುವುದಿಲ್ಲ.

“ನಟ್ಟು ಹೋಯ್ತಮ್ಮ,” ಎನ್ನುತ್ತಾರೆ ಬಾಗಿಲ ಪಕ್ಕದ ಕುರ್ಚಿಯಿಂದ ಅವರ ಮಾವ.

ಬಿಚ್ಚಿ ನೋಡಿದರೆ ಹಾಗೇ ಆಗಿದೆ. ಸ್ಕ್ರೂವನ್ನು ಹಿಡಿದುಕೊಳ್ಳುವ ನಟ್ಟಿನ ಚಿಪ್ಪು ಉಳಿದಿದೆ. ಒಳಗಿನ ಸುರುಳಿ ಗೀರು, ಅಂದರೆ ಥ್ರೆಡ್, ಪುಡಿಪುಡಿ. ಇಷ್ಟು ಹಳೆಯ ವೈಸಿಗೆ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ಮೊಳೆ ಜಡಿದು ಕಳಿಸಿಬಿಡಿ, ಇವತ್ತಿಗೆ ಸಾಕು ಎಂದು ಗಾಡಿಯವನು ಗೋಗರೆಯುತ್ತಾನೆ.

“ಮೊಳೆ ಬಗ್ಗಿದ್ರೆ ನೀನು ಬೀಳೋದು ಸೊಪ್ಪಿನ ಮೇಲಲ್ಲ, ಬಸ್ಸಿನ ಮುಂದೆ. ಕೂತ್ಕೋ,” ಎನ್ನುತ್ತಾರೆ ಅರದಕ್ಕ.

ಮದುವೆಯಾಗಿ ಬಂದಾಗ ಅವರಿಗೆ ಸುತ್ತಿಗೆ ಹಿಡಿಯಲೂ ಬರುತ್ತಿರಲಿಲ್ಲ. ಗಂಡನಿಗೆ ಕಬ್ಬಿಣದ ಸದ್ದೆಂದರೆ ತಲೆನೋವು, ಒಲಿದದ್ದು ಅಡುಗೆಮನೆ. ಇವತ್ತಿಗೂ ಮಧ್ಯಾಹ್ನದ ಡಬ್ಬಿ ತರುವವರು ಅವರೇ. ಹಾಗಾಗಿ ಮಾವ ಲೋಹ ಉಜ್ಜುವ ಅರವನ್ನು ಸೊಸೆಯ ಕೈಗೆ ಕೊಟ್ಟರು. ಮೊದಮೊದಲು ಬಂದವರೆಲ್ಲ ಗಂಡಸರು ಯಾರೂ ಇಲ್ಲವಾ ಎಂದು ಕೇಳಿ, ಮಾವನ ಕಡೆ ನೋಡುತ್ತಿದ್ದರಂತೆ.

“ಆವಾಗ ಮಾವ ಕೂತಲ್ಲೇ ಗೊರಕೆ ಹೊಡೆಯೋರು. ಎಷ್ಟು ಕೂಗಿದ್ರೂ ಎಚ್ಚರ ಆಗ್ತಿರ್ಲಿಲ್ಲ. ಬಂದೋರು ಬೇರೆ ದಾರಿ ಇಲ್ದೆ ಕೆಲಸಾನ ನನ್ನ ಕೈಗೇ ಕೊಡೋರು,” ಎನ್ನುತ್ತಾರೆ ಅರದಕ್ಕ.

ಈಗ ಮಾವನ ಕಣ್ಣು ಮಂಜಾಗಿದೆ. ದಿನಕ್ಕೆ ಹತ್ತು ಹದಿನೈದು ಕೆಲಸ ಬರುತ್ತವೆ: ಕೆಟ್ಟ ಬೀಗ, ಹೊಲಿಗೆ ಯಂತ್ರದ ಪೆಡಲ್, ಆಸ್ಪತ್ರೆಯ ಗಾಲಿಕುರ್ಚಿ. ಎಲ್ಲವೂ ಈ ಒಂದೇ ವೈಸಿನ ಬಾಯಿಗೆ ಬರಬೇಕು. ಅದು ನಿಂತರೆ ಅಂಗಡಿಯೂ ನಿಂತಂತೆ.

ಅರದಕ್ಕ ಮೂಲೆಯ ಡಬ್ಬದಿಂದ ಸವೆದ ಬೇರಿಂಗಿನ ತುಂಡುಗಳನ್ನು ಆರಿಸುತ್ತಾರೆ. ಅವುಗಳಲ್ಲಿರುವ ಬಿಳಿ ಲೋಹ ಬೇಗ ಕರಗುತ್ತದೆ; ಅದನ್ನು ಸ್ಕ್ರೂವಿನ ಸುತ್ತ ಎರೆದರೆ ಆರಿದಾಗ ಹೊಸ ಥ್ರೆಡ್ ಮೂಡುತ್ತದೆ. ಚಿಪ್ಪಿನ ಒಳಗೆ ಉಳಿಯಿಂದ ಗೀರು ಹಾಕುತ್ತಾರೆ, ಹೊಸ ಲೋಹ ಅಲ್ಲಿ ಕಚ್ಚಿ ಕೂರಲಿ ಎಂದು. ಸ್ಕ್ರೂಗೆ ಮಾತ್ರ ಅಂಟಬಾರದಲ್ಲ. ಅದನ್ನು ಸೀಮೆಎಣ್ಣೆ ದೀಪದ ಮೇಲೆ ಹಿಡಿದು ಮೈತುಂಬ ಮಸಿ ಹಿಡಿಸುತ್ತಾರೆ. ಚಿಪ್ಪಿನ ನಡುವೆ ಸ್ಕ್ರೂ ನಿಲ್ಲಿಸಿ, ಕೆಳಗೆ ಜೇಡಿಮಣ್ಣು ಮೆತ್ತಿ, ಮಣ್ಣು ಒಣಗಿ ಬಿರುಸಾಗುವವರೆಗೆ ಕಾಯಿಸುತ್ತಾರೆ. ಹಿಂದೊಮ್ಮೆ ಹಸಿ ಮಣ್ಣಿನ ಮೇಲೆ ಸುರಿದಾಗ ಲೋಹ ಸಿಡಿದಿತ್ತು. ಮಣಿಕಟ್ಟಿನ ಮೇಲೆ ಅದರ ಕಲೆ ಇದೆ. ಕೊನೆಗೆ ಒಲೆಯಲ್ಲಿ ಕರಗಿಸಿದ ಲೋಹವನ್ನು ಸೌಟಿನಿಂದ ಸುರಿಯುತ್ತಾರೆ, ನಿಲ್ಲಿಸದೆ, ಒಂದೇ ಧಾರೆಯಲ್ಲಿ.

ಲೋಹ ಆರುವಷ್ಟು ಹೊತ್ತು ಕಾಯಬೇಕು. ಸ್ಕ್ರೂ ಅಂಟಿಕೊಂಡಿದ್ದರೆ ಇದ್ದ ಒಂದು ಸ್ಕ್ರೂವೂ ಹೋಯಿತು.

ಅವರು ಹಿಡಿ ಹಾಕಿ ತಿರುಗಿಸುತ್ತಾರೆ. ಅಲ್ಲಾಡುವುದಿಲ್ಲ. ಮರದ ಸುತ್ತಿಗೆಯಿಂದ ತಟ್ಟುತ್ತಾರೆ. ಊಹೂಂ. ಗಾಡಿಯವನು ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಾನೆ. ಆತುರ ಬೇಡ, ಒಂದಿಷ್ಟು ಬಿಸಿ ತಾಗಿಸು ಎಂದು ಮಾವ ಮೆಲ್ಲಗೆ ಹೇಳುತ್ತಾರೆ. ಅರದಕ್ಕ ಬಿಸಿ ತಾಗಿಸಿ ಮತ್ತೊಮ್ಮೆ ತಟ್ಟುತ್ತಾರೆ. ಕರಕ್ ಎಂದು ಸ್ಕ್ರೂ ಬಿಡುತ್ತದೆ. ಎಣ್ಣೆ ಬಿಟ್ಟು ಹಿಂದೆ ಮುಂದೆ ತಿರುಗಿಸಿದಂತೆ ನುಣುಪಾಗುತ್ತದೆ. ಅವರ ಹಣೆಯ ಬೆವರು ಈಗ ಕಾಣುತ್ತದೆ.

ನಟ್ಟನ್ನು ಮತ್ತೆ ಜೋಡಿಸಿದಾಗ ವೈಸ್ ಸರಳನ್ನು ಕಚ್ಚುತ್ತದೆ. ನಟ್ಟಿನೊಳಗಿರುವುದು ಮೆತ್ತನೆ ಲೋಹ, ಜೋರು ಮಾಡಬಾರದು ಎಂದುಕೊಳ್ಳುತ್ತ ಹಗುರ ಕೈಯಲ್ಲಿ ಅರ ಆಡಿಸುತ್ತಾರೆ. ಮೂರು ಸಲ ಕೀಲಿಗೆ ಹಾಕಿ ನೋಡಿ, ಮತ್ತೆ ತೆಗೆದು ಉಜ್ಜಿ, ನಾಲ್ಕನೆಯ ಸಲ ಪಿನ್ನು ಕೂರುತ್ತದೆ. ಗಾಡಿಯವನು ಕಾಲು ಕಟ್ಟಿಕೊಂಡು ಮೋರಿಯವರೆಗೆ ಹೋಗಿ ಬರುತ್ತಾನೆ. ಒಂದು ಕಟ್ಟು ಸೊಪ್ಪನ್ನು ಮಾವನ ಮಡಿಲಲ್ಲಿಟ್ಟು ಹೊರಡುತ್ತಾನೆ. ಎಲೆಗಳು ಇನ್ನೂ ಬಾಡಿಲ್ಲ.

ಇಷ್ಟು ಕೆಲಸ ಬಲ್ಲವರಿಗೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಕೈ ಒರೆಸಿಕೊಳ್ಳುತ್ತ ಬೀದಿಯ ಕಡೆ ನೋಡುತ್ತಾರೆ.

“ಆ ತಿರುವು ದಾಟೋ ಹೊತ್ತಿಗೆ ಅವನಿಗೆ ಕಾಲಿನ ಯೋಚನೆ ಮರೆತುಹೋಗ್ಬೇಕು. ಸೊಪ್ಪು ಸೊಪ್ಪು ಅಂತ ಕೂಗೋದೊಂದೇ ತಲೇಲಿರ್ಬೇಕು. ಅಷ್ಟಾದ್ರೆ ಕೆಲಸ ಸರಿಯಾಗಿದೆ ಅಂತ.”