ಸುಟ್ಟುಹೋದ ಗಂಜಿ

ಸೇಲಂನ ನಮ್ಮ ಮನೆಯಲ್ಲಿ ಗಂಜಿ ಎಂದರೆ ಊಟವಲ್ಲ, ಮಗ್ಗಕ್ಕೇರುವ ಮುನ್ನ ನೂಲಿಗೆ ಬಳಿಯುವ ಅಂಟು. ಅದನ್ನು ನಾನು ಕಾಲೇಜಿನ ಲ್ಯಾಬಿಗೆ ಒಯ್ದದ್ದು ಖಚಿತ. ಉಳಿದದ್ದರಲ್ಲಿ ಎಷ್ಟು ನಿಜ, ಎಷ್ಟು ಹೇಳಿ ಹೇಳಿ ಬೆಳೆದದ್ದು ಎಂದು ನನಗೇ ಅನುಮಾನ.

ಪಿಂಗಾಣಿ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸುಟ್ಟು, ನೀರು ಸೋಸುವ ಬಿಲ್ಲೆ ಮಾಡುವುದು ನನ್ನ ಕೆಲಸ. ಪುಡಿ ಕಚ್ಚಿಕೊಳ್ಳಲು ಅಂಟು ಬೇಕು. ಕುಲುಮೆಯಲ್ಲಿ ಅದು ಉರಿದುಹೋದ ಜಾಗ ರಂಧ್ರವಾಗುತ್ತದೆ. ಲ್ಯಾಬಿನ ಅಂಟು ತೀರಾ ನಯ. ಅದು ಬಿಟ್ಟ ರಂಧ್ರಗಳು ಎಷ್ಟು ಸಣ್ಣವೆಂದರೆ ನೀರು ಬಿಲ್ಲೆಯ ಮೇಲೇ ಕೂತಿರುತ್ತಿತ್ತು. ಹೆಚ್ಚು ಹಾಕಿದರೆ ಬಿಲ್ಲೆ ಅಚ್ಚಿಗೇ ಅಂಟಿ, ತೆಗೆಯುವಾಗ ಪದರ ಪದರವಾಗಿ ಬಿರಿಯುತ್ತಿತ್ತು. ಸೋಮವಾರ ಪರೀಕ್ಷಕರೆದುರು ಒಂದು ಬಿಲ್ಲೆಯಾದರೂ ನೀರಿಳಿಸದಿದ್ದರೆ ನನ್ನ ಪದವಿ ಮುಂದಿನ ವರ್ಷಕ್ಕೆ.

ಬೆಂದ ಅಕ್ಕಿಹಿಟ್ಟಿನ ಕಣ ಉಬ್ಬುತ್ತದೆ, ಬಿಡುವ ರಂಧ್ರವೂ ದೊಡ್ಡದಿರಬೇಕು ಎಂದುಕೊಂಡು ಅಮ್ಮನ ಬಳಿ ಗಂಜಿ ಕೇಳಿದೆ.

"ಕಲ್ಲುಪುಡಿಗೆ ಗಂಜಿನಾ? ಅದ್ರಾಗೇನು ಸೀರೆ ನೇಯ್ತೀಯೇನ್ಲಾ?"

"ಮಾಡ್ಕೊಡಮ್ಮಾ. ಹಿಟ್ಟು, ನೀರು, ಅಷ್ಟೇ. ಬೇರೇನೂ ಆಕ್ಬೇಡ."

"ಸರಿ ಸರಿ, ಎಲ್ಲಾಂ ತೆರಿಯುಂ." ಎಲ್ಲಾ ಗೊತ್ತು ಎಂದು ತಮಿಳಿನಲ್ಲಿ ಹೇಳಿ ಒಳಗೆ ಹೋದಳು.

ಗಂಜಿ ಕಲಸಿ, ಒಣಗಿಸಿ, ಒತ್ತಿದೆ. ಬಿಲ್ಲೆ ಸೋಪಿನಂತೆ ಜಾರಿ ಹೊರಬಂತು, ಒಂದು ಬಿರುಕೂ ಇಲ್ಲ. ಇಷ್ಟು ಸುಲಭವಾದರೆ ನನಗೆ ನಂಬಿಕೆ ಬರುವುದಿಲ್ಲ. ಮೂಸಿದೆ. ಕೊಬ್ಬರಿ ಎಣ್ಣೆ! ಫೋನ್ ಮಾಡಿದೆ.

"ಅಮ್ಮಾ, ಎಣ್ಣೆ ಆಕಿದ್ಯಾ?"

"ಆಕ್ದೆ ಇರ್ತಾರಾ? ನೂಲು ಒಂದಕ್ಕೊಂದು ಅಂಟ್ಕಳಲ್ವಾ?"

"ಇದು ನೂಲಲ್ಲಮ್ಮಾ!"

"ಕೈಗೆ ಅಭ್ಯಾಸ ಐತೆ, ಆಕ್ಬುಡ್ತು. ಈಗೇನು, ಕೆಟ್ಟೋಯ್ತಾ?"

ಜಾರಿದ್ದು ಎಣ್ಣೆಯಿಂದಲೋ, ಅಂದಿನ ಹವೆಯಿಂದಲೋ ಹೇಳಲಾರೆ. ಮತ್ತೆ ಒತ್ತಲು ಸಮಯವಿರಲಿಲ್ಲ. ಹಾಗೇ ಕುಲುಮೆಗಿಟ್ಟೆ.

ಸೋಮವಾರ ಪರೀಕ್ಷಕರು ಬಿಲ್ಲೆಯ ಮೇಲೆ ನೀರು ಸುರಿದು ಬಗ್ಗಿ ನೋಡಿದರು. ಏನೂ ಇಲ್ಲ. ಆಮೇಲೆ ಅಡಿಯಲ್ಲೊಂದು ಹನಿ ತುಂಬಿಕೊಂಡು ತೊಟ್ಟಿಕ್ಕಿತು. ಹಿಂದೆಯೇ ಇನ್ನೊಂದು. ಅವರು ತಲೆ ಎತ್ತಿ, "ಯಾವ ಅಂಟು?" ಎಂದರು. "ಮನೇದು ಸಾರ್" ಎಂದೆ.

ಎಣ್ಣೆ ಬೇಕೆಂದೇ ಹಾಕಿದ್ದು ಎನ್ನುತ್ತಾಳೆ ಅಮ್ಮ ಈಗ. ನನಗೆ ನೆನಪಿರುವುದು ಬೇರೆ. ಆದರೆ ನನ್ನ ನೆನಪಿನ ಮೇಲೆ ಪಣ ಕಟ್ಟಲಾರೆ. ಪಾಸಾದೆ ಎಂದು ತಿಳಿಸಿದಾಗ ಅವಳು ಕೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

"ಗಂಜಿ ಎಲ್ಲೋಯ್ತು?"

"ಉರ್ದೋಯ್ತು. ಅದಿದ್ದ ಕಡೆ ತೂತು."

"ಅಯ್ಯೋ ನಿನ್ನ! ತೂತಿಗಾ ನಾನು ಕೈ ನೋಯೋಗಂಟ ಕದಡಿದ್ದು?"